ತಟ್ಟೆಯಡಿಯ ಹೆಸರು

ಕುರ್ರಬಿಲ್‌ನಲ್ಲಿ ಯಾವ ತಟ್ಟೆಯೂ ಅನಾಥವಲ್ಲ. ಊರ ಸಮುದಾಯ ಭವನದಲ್ಲಿ ಏನೇ ನಡೆಯಲಿ, ಮದುವೆಯಾಗಲಿ, ಮಣ್ಣಾಗಲಿ, ಕ್ರಿಕೆಟ್ ತಂಡ ಸೋತು ಬಂದದ್ದೇ ಆಗಲಿ, ಹೆಂಗಸರು ಮನೆಗೊಂದು ತಟ್ಟೆ ತಿಂಡಿ ತರಬೇಕು. ತಟ್ಟೆಯ ಅಡಿಗೆ ಗಾಯಕ್ಕೆ ಹಾಕುವ ಪಟ್ಟಿಯ ತುಂಡೊಂದನ್ನು ಅಂಟಿಸಿ ಅದರ ಮೇಲೆ ಹೆಸರು ಬರೆದಿರಬೇಕು. ಎಲ್ಲ ಮುಗಿದ ಮೇಲೆ ತೊಳೆದು, ಮಗುಚಿ, ಹೆಸರು ಓದಿ ಅವರವರ ತಟ್ಟೆ ಅವರವರಿಗೆ ಸೇರಿಸುವ ಕೆಲಸ ಗ್ಲೆನಿಸ್ ಪ್ಯಾಸ್ಕೋಳದು. ಅವಳ ಅಕ್ಷರ ದುಂಡಗಿದ್ದುದರಿಂದ ಹೆಸರು ಬರೆಯುವ ಕೆಲಸವೂ ಕಾಲಕ್ರಮದಲ್ಲಿ ಅವಳ ಕೊರಳಿಗೇ ಬಿದ್ದಿತ್ತು. ಯಾರಾದರೂ ತಟ್ಟೆ ಮರೆತು ಹೋದರೆ ಮನೆಗೇ ಮುಟ್ಟಿಸುತ್ತಿದ್ದಳು, ಅದೂ ಬರಿದಾಗಿ ಅಲ್ಲ. ಎರಡು ನಿಂಬೆಹಣ್ಣು, ಇಲ್ಲದಿದ್ದರೆ ಹಿತ್ತಲ ಕೋಳಿಯ ಮೊಟ್ಟೆ. ಖಾಲಿ ತಟ್ಟೆ ಹಿಂತಿರುಗಿಸುವವರನ್ನು ಕುರ್ರಬಿಲ್ ಹೊರಗಿನವರು ಎಂದೇ ಲೆಕ್ಕ ಹಾಕುತ್ತದೆ, ಅವರು ಬಂದು ಮೂವತ್ತು ವರ್ಷವಾಗಿದ್ದರೂ.

ಊರಿಗೆ ಇನ್ನೊಂದು ರೂಢಿಯಿತ್ತು. ಏನನ್ನೂ ಬಾಯಿಬಿಟ್ಟು ಕೇಳಬಾರದು. ಏಣಿ ಬೇಕಿದ್ದರೆ "ನಮ್ಮ ಸೂರಿನ ದೋಣಿಯಲ್ಲಿ ಎಲೆ ತುಂಬಿಬಿಟ್ಟಿದೆ" ಎಂದು ಹೇಳಿ ಸುಮ್ಮನಾಗಬೇಕು. ಸಂಜೆಯೊಳಗೆ ಏಣಿ ಗೋಡೆಗೆ ಒರಗಿರುತ್ತದೆ, ಇಟ್ಟವರು ಯಾರೆಂದು ಕೇಳುವುದೂ ಒರಟುತನ. ಹೀಗೆ ಕೇಳದೆ ಪಡೆಯುವುದು, ಹೇಳದೆ ಕೊಡುವುದು ತಮ್ಮ ದೊಡ್ಡತನವೆಂದು ಊರಿನವರು ನಂಬಿದ್ದರು. ಗ್ಲೆನಿಸ್ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದಳು, ಪಾಪ.

ಅವಳು ಇದ್ದದ್ದು ರೈಲು ಬೀದಿಯ ಹಲಗೆಮನೆಯಲ್ಲಿ, ಬಾಡಿಗೆಗೆ. ರೈಲು ನಿಂತು ಯಾವ ಕಾಲವಾಯಿತೋ, ಬೀದಿಗೆ ಹೆಸರು ಉಳಿದಿತ್ತು. ಗಂಡ ಕೀತ್ ಗೋಧಿ ಕಣಜದಲ್ಲಿ ದುಡಿದು, ಅದರ ಧೂಳು ಕುಡಿದು ಇದೇ ಮನೆಯಲ್ಲಿ ತೀರಿಕೊಂಡ. ಮನೆಯೊಡೆಯ ಮುದುಕ ಕ್ರೋಜರ್ ಬಾಡಿಗೆ ಏರಿಸಿದವನಲ್ಲ, ನಲ್ಲಿ ರಿಪೇರಿ ಮಾಡಿಸಿದವನೂ ಅಲ್ಲ. ಇಬ್ಬರಿಗೂ ಅದು ಸರಿಹೋಗಿತ್ತು. ಅವನು ಸತ್ತ ಮೇಲೆ ಮನೆ ಮೆಲ್ಬರ್ನ್‌ನ ಮಗಳ ಪಾಲಾಯಿತು. ಅದೇ ಹೊತ್ತಿಗೆ ಉತ್ತರದ ದಿಬ್ಬಗಳ ಮೇಲೆ ವಿದ್ಯುತ್ತಿಗಾಗಿ ಗಾಳಿಕಂಬ ನೆಡುವವರು ಬಂದರು. ಅವರ ಆಳುಗಳಿಗೆ ಮಲಗಲು ಜಾಗ ಬೇಕು, ಕಂಪನಿ ಕೇಳಿದಷ್ಟು ಕೊಡುತ್ತದೆ. ಮಗಳು ಗ್ಲೆನಿಸ್‌ಗೆ ತುಂಬ ಸಭ್ಯವಾದ ಕಾಗದ ಹಾಕಿದಳು: ಈಸ್ಟರ್ ಕಳೆದ ಮೇಲೆ ಮನೆ ಬಿಟ್ಟುಕೊಡಬೇಕು.

ಕುರ್ರಬಿಲ್‌ನಲ್ಲಿ ಮನೆಗಳಿಗೆ ಬರವಿರಲಿಲ್ಲ, ಬರವಿದ್ದದ್ದು ಬಾಡಿಗೆ ಮನೆಗಳಿಗೆ. ದೊಡ್ಡ ರೈತರು ನೆರೆಯವನ ಹೊಲ ಕೊಂಡರೆ ಹೊಲದ ಜೊತೆ ಮನೆಯೂ ಬರುತ್ತಿತ್ತು. ಹೊಲ ಬಿತ್ತುತ್ತಿದ್ದರು, ಮನೆಗೆ ಬೀಗ ಜಡಿಯುತ್ತಿದ್ದರು. ದಾರಿಯುದ್ದಕ್ಕೂ ಅಂಥ ಮನೆಗಳು, ಕಿಟಕಿಗೆ ಹಲಗೆ ಹೊಡೆಸಿಕೊಂಡು, ಮೆಣಸು ಮರದ ಕೆಳಗೆ ಕುರುಡರ ಹಾಗೆ ನಿಂತಿದ್ದವು. ಲೊರೇನ್ ಟಾಂಕಿನ್ ಮತ್ತು ಅವಳ ಗಂಡ ರಾಸ್‌ಗೇ ಅಂಥದ್ದೊಂದಿತ್ತು. ಅದು ರಾಸ್‌ನ ತಾಯಿ ಮಾರ್ಜರಿ ಬಾಳಿ ಸತ್ತ ಮನೆ. ಲೊರೇನ್ ಗ್ಲೆನಿಸ್‌ಗೆ ಬಹಳ ಕಾಲದ ಗೆಳತಿ, ಭವನದ ಅಡುಗೆಮನೆಯಲ್ಲಿ ಗ್ಲೆನಿಸ್ ತೊಳೆದ ತಟ್ಟೆಯನ್ನು ಒರೆಸಿ ಇಡುವವಳು.

ಕಾಗದ ಬಂದ ಮರುದಿನ ಗ್ಲೆನಿಸ್ ಅಂಗಡಿಗೆ ಹೋದಳು. ಊರಿಗೆ ಅಂಚೆ ಕಚೇರಿ, ದಿನಸಿ ಅಂಗಡಿ, ಸುದ್ದಿಮನೆ ಎಲ್ಲ ಅದೊಂದೇ. ಮೂರನ್ನೂ ನಡೆಸುವವಳು ಡಲ್ಸಿ. ಲೊರೇನ್ ಅಲ್ಲೇ ಬ್ರೆಡ್ಡು ಒತ್ತಿ ನೋಡುತ್ತ ನಿಂತಿದ್ದಳು.

"ಕ್ರೋಜರ್ ಮಗಳು ಕಾಗದ ಹಾಕಿದಾಳೆ ಕಣೇ," ಎಂದಳು ಗ್ಲೆನಿಸ್. "ಮನೆ ಬಿಡ್ಬೇಕಂತೆ."

"ಅಯ್ಯೋ ದೇವ್ರೇ! ನಿನ್ನ ಗುಲಾಬಿ ಗಿಡ ಏನೇ ಮಾಡ್ತೀಯ?"

"ಗುಲಾಬಿಗೇನು, ಎಲ್ಲಿ ನೆಟ್ರೂ ಬರತ್ತೆ. ನಂಗೊಂದು ಅಂಗಳ ಅಂತ ಇದ್ರೆ ಸಾಕು." ಗ್ಲೆನಿಸ್ ಒಂದು ಉಸಿರು ಬಿಟ್ಟು ಮುಂದುವರಿದಳು. "ನಿಮ್ಮತ್ತೆ ಮನೆ ಹೇಗಿದೆ ಈಗ? ತಗಡು ಗಟ್ಟಿ ಇದೆಯಾ ಇನ್ನೂ?"

"ಮಾರ್ಜರಿ ಮನೆನಾ? ಅಲ್ಲಿ ಹಾವು ಸಂಸಾರ ಹೂಡಿವೆ ಮಾರಾಯ್ತಿ. ಉಳಿದ ಜಾಗದಲ್ಲಿ ರಾಸ್ ಕುರಿ ಔಷಧಿ ಡಬ್ಬ ಪೇರಿಸಿಟ್ಟಿದಾನೆ."

"ಡಬ್ಬ ಎತ್ತಿಡ್ಬಹುದು. ಹಾವೇನು, ಗದರಿಸಿದ್ರೆ ಓಡತ್ತೆ."

"ನೀನು ಗದರಿಸಿದ್ರೆ ರಾಸೂ ಓಡಿಹೋಗ್ತಾನೆ!" ಎಂದು ಲೊರೇನ್ ನಕ್ಕಳು. ಗ್ಲೆನಿಸ್ ಕೂಡ ನಕ್ಕಳು. ಕುರ್ರಬಿಲ್‌ನ ಅಳತೆಯಲ್ಲಿ ಅವಳು ಗಂಟಲು ಹರಿಯುವಂತೆ ಕೂಗಿ ಕೇಳಿದ್ದಳು. ಇನ್ನೇನು, ಸಂಜೆಗೆ ಬೀಗದಕೈ ಬಾಗಿಲಿಗೆ ಬರುತ್ತದೆ ಎಂದುಕೊಂಡಳು.

ಡಲ್ಸಿ ಗಲ್ಲಾದ ಹಿಂದಿನಿಂದ ಕೇಳಿದಳು: "ಅಲ್ವೇ, ನಿಮ್ಮಕ್ಕ ಬೆಂಡಿಗೋದಲ್ಲಿ ಇದಾಳಲ್ವಾ?"

"ಥೆಲ್ಮಾ? ಇದಾಳೆ."

ಇದ್ದದ್ದು ನಿಜ, ಆದ್ದರಿಂದ ಇದಾಳೆ ಎಂದಳು. ಅಷ್ಟು ಸಾಕಾಯಿತು. ಬಾಡಿಗೆಗೆ ಮನೆ ಸಿಗದ ಊರಲ್ಲಿ ಮನೆ ಬಿಡುವವರು ಊರನ್ನೇ ಬಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸತ್ಯ. ಹಾಗಾಗಿ "ಮನೆ ಬಿಡ್ತಾಳಂತೆ" ಎಂಬ ಮಾತು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ "ಊರು ಬಿಡ್ತಾಳಂತೆ" ಆಯಿತು, ಪೆಟ್ರೋಲ್ ಬಂಕ್ ಮುಟ್ಟುವಷ್ಟರಲ್ಲಿ "ಅಕ್ಕನ ಹತ್ರ ಹೋಗ್ತಾಳಂತೆ" ಆಯಿತು. ಸಂಜೆ ಬೀಗದಕೈ ಬರಲಿಲ್ಲ. ಬಂದವನು ಭವನದ ಸಮಿತಿಯ ಅಧ್ಯಕ್ಷ ಕ್ಲೈವ್, ಟೋಪಿ ಕೈಯಲ್ಲಿ ಹಿಡಿದುಕೊಂಡು.

"ಶನಿವಾರ ಸಂಜೆ ಭವನಕ್ಕೆ ಬಾರೇ ಗ್ಲೆನ್," ಎಂದ. "ಈ ಸಲ ನೀನು ತಟ್ಟೆ ತರೋ ಹಾಗಿಲ್ಲ."

"ಯಾಕಪ್ಪ? ನನ್ನ ಸ್ಕೋನ್ ಬನ್ನು ಹಳಸಿತಾ?"

"ನೀನೇ ಅತಿಥಿ. ಬೀಳ್ಕೊಡುಗೆ ನಿಂದೇ."

ಇಲ್ಲಪ್ಪ, ನಾನೆಲ್ಲಿಗೂ ಹೋಗ್ತಿಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಿದರೆ ಮರುಪ್ರಶ್ನೆ ಬರುತ್ತದೆ: ಮತ್ತೆಲ್ಲಿ ಇರ್ತೀಯ? ಅದಕ್ಕೆ ಉತ್ತರ ಕೊಟ್ಟರೆ ಬೇಡಿದಂತೆ. ಕ್ಲೈವ್‌ನ ಕಣ್ಣು ತೇವವಾಗಿತ್ತು. ಅಂಥ ಮುಖಕ್ಕೆ ಬಾಗಿಲಲ್ಲಿ ನಿಂತು ಇಲ್ಲ ಎನ್ನುವುದು ಹೇಗೆ ಎಂದು ಅವಳಿಗೆ ತೋಚಲಿಲ್ಲ. ಶನಿವಾರ ಎಲ್ಲರೂ ಇರುತ್ತಾರೆ, ಆಗ ನಗುನಗುತ್ತ ಸರಿಮಾಡಿದರಾಯಿತು ಎಂದುಕೊಂಡಳು.

ಶನಿವಾರ ಊರಿಗೆ ಊರೇ ಬಂದಿತ್ತು. ಉದ್ದನೆಯ ಮೇಜಿನ ಮೇಲೆ ಮೊಟ್ಟೆ ಸ್ಯಾಂಡ್‌ವಿಚ್ಚು, ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು, ಖರ್ಜೂರದ ಕೇಕು, ಸಾಸೇಜ್ ರೋಲು. ಒಂದೊಂದರ ಅಡಿಯಲ್ಲಿ ಯಾರ ಹೆಸರಿದೆ ಎಂದು ಅವಳಿಗೆ ಮಗುಚದೆಯೇ ಗೊತ್ತಿತ್ತು. ಕ್ಲೈವ್ ಭಾಷಣ ಮಾಡಿದ. "ಇನ್ಮೇಲೆ ಯಾರ ತಟ್ಟೆ ಯಾರ ಮನೇಲಿರತ್ತೋ ಆ ದೇವರೇ ಹೇಳ್ಬೇಕು," ಎಂದಾಗ ಜನ ನಕ್ಕರು, ಕೆಲವರು ಮೂಗು ಒರೆಸಿಕೊಂಡರು. ಆಮೇಲೆ ಹೊಳೆದಂಡೆಯ ನೀಲಗಿರಿ ಜಾತಿಯ ಕೆಂಪು ಗಮ್ ಮರದಲ್ಲಿ ಕೆತ್ತಿಸಿದ ಗೋಡೆ ಗಡಿಯಾರವನ್ನು ಅವಳ ಕೈಗಿಟ್ಟ. "ಹೊಸ ಮನೆ ಗೋಡೆಗೆ," ಎಂದ.

ಈಗ ಅವಳು ಮಾತಾಡಬೇಕು. ಗ್ಲೆನಿಸ್ ಎದ್ದು ನಿಂತಳು. ಎಲ್ಲ ಗುರುತಿನ ಮುಖಗಳು. ಈ ಮಕ್ಕಳಿಗೆ ಶಾಲೆಯ ಕ್ಯಾಂಟೀನಿನಲ್ಲಿ ಅನ್ನ ಹಾಕಿದವಳು ಅವಳು, ಇವರ ಅಪ್ಪಂದಿರ ಮಣ್ಣಿಗೆ ಟೀ ಕಾಯಿಸಿದವಳು ಅವಳು. 'ನಂಗೆ ಹೋಗೋಕೆ ಜಾಗ ಇಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದಳು. ಮಾತಿಗೆ ಮೊದಲೇ ಕಣ್ಣೊರೆಸಿಕೊಳ್ಳಬೇಕಾಯಿತು.

"ಅಳ್ಬೇಡ್ವೇ ಗ್ಲೆನ್!" ಎಂದು ಹಿಂದಿನಿಂದ ರಾಸ್ ಕೂಗಿದ. "ನೀನು ಹೋದ್ರೆ ನಮ್ಮ ಹಲ್ಲಾದ್ರೂ ಉಳೀತವೆ! ಆ ಸ್ಕೋನ್ ಕಡಿಯೋದು ಇನ್ಮೇಲೆ ಥೆಲ್ಮಾ ಕರ್ಮ!"

ಭವನದ ಸೂರು ಹಾರಿಹೋಗುವಂತೆ ನಗು. ಗ್ಲೆನಿಸ್‌ಗೂ ನಗು ಬಂತು, ಅದೇ ತಪ್ಪಾಯಿತು. "ಹೂಂ, ಥೆಲ್ಮಾಗೂ ಒಂದು ಜೊತೆ ಆಗತ್ತೆ," ಎಂದುಬಿಟ್ಟಳು. ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ಅಡುಗೆಮನೆಗೆ ಹೋದರೆ ಲೊರೇನ್ ಹೆಗಲು ಹಿಡಿದು ಹೊರಗೆ ತಳ್ಳಿದಳು: "ಇವತ್ತು ನೀನು ನೀರು ಮುಟ್ಟೋ ಹಾಗಿಲ್ಲ, ನಡಿ!" ಒಳಗೆ ತಟ್ಟೆಗಳ ಸದ್ದು ಕೇಳುತ್ತ ಅವಳು ಗಡಿಯಾರ ಅಪ್ಪಿಕೊಂಡು ಹೊರಗೆ ನಿಂತಳು.

ಕುರ್ರಬಿಲ್‌ನಲ್ಲಿ ಬೀಳ್ಕೊಡುಗೆ ಆದ ಮೇಲೆ ಹೋಗಲೇಬೇಕು. ಹಿಂದೆ ಎರ್ನ್ ಎಂಬ ಉಣ್ಣೆ ಕತ್ತರಿಸುವವನು ಬೀಳ್ಕೊಡುಗೆಯ ಕೇಕು ತಿಂದು ಊರು ಬಿಟ್ಟು, ಕೆಲಸ ಸಿಗದೆ ತಿರುಗಿ ಬಂದ. ಸಾಯುವ ತನಕ ಅವನಿಗೆ 'ಕೇಕ್ ಸಾಲಗಾರ' ಎಂದೇ ಹೆಸರು. ಅವನು ಹೋಟೆಲಿಗೆ ಕಾಲಿಟ್ಟರೆ ಯಾರಾದರೊಬ್ಬರು "ಏನಯ್ಯಾ, ಕೇಕ್ ತಂದ್ಯಾ?" ಎನ್ನುವರು. ಗ್ಲೆನಿಸ್ ಕೂಡ ಅಂದವಳೇ.

ಮನೆ ಬಿಟ್ಟಳು. ಸಾಮಾನು ಮಾರಿದಳು, ಕೋಳಿ ಡಲ್ಸಿಗೆ ಕೊಟ್ಟಳು. ಹಳೆಯ ಉದ್ದ ಕಾರಿನಲ್ಲಿ ಹಾಸಿಗೆ, ಸಣ್ಣ ಗ್ಯಾಸ್ ಒಲೆ, ಗಡಿಯಾರ, ತನ್ನದೊಂದು ತಟ್ಟೆ ಇಟ್ಟುಕೊಂಡು ಬೆಂಡಿಗೋಗೆ ಹೋದಳು. ಥೆಲ್ಮಾ ಇದ್ದದ್ದು ವೃದ್ಧಾಶ್ರಮದ ಒಂದು ಕೋಣೆಯಲ್ಲಿ. ಕೆಲವು ದಿನ ತಂಗಿಯ ಗುರುತು ಹಿಡಿಯುತ್ತಿದ್ದಳು, ಕೆಲವು ದಿನ "ನೀವು ಯಾರಮ್ಮ?" ಎನ್ನುತ್ತಿದ್ದಳು. ಸಂಜೆಯಾದರೆ ಭೇಟಿಗೆ ಬಂದವರು ಹೊರಡಬೇಕು. ಸರ್ಕಾರಿ ಮನೆಗೆ ಹೆಸರು ಬರೆಸಿದಳು. ವರ್ಷಗಳೇ ಹಿಡಿಯಬಹುದೆಂದು ಹೇಳುವಾಗ ಕಿಟಕಿಯಾಚೆಯ ಹುಡುಗಿ ಇವಳ ಮುಖ ನೋಡಲಿಲ್ಲ. ಅಂಗಡಿಗಳ ಹಿಂದಿನ ಕಾರು ನಿಲ್ದಾಣದಲ್ಲಿ ಮಲಗಿದರೆ ಯಾರೋ ಬಂದು ಗಾಜಿಗೆ ದೀಪ ಹಿಡಿಯುತ್ತಿದ್ದರು. ಕಾರಿನಲ್ಲೇ ಬದುಕಬೇಕೆಂದರೆ ಗುರುತಿನ ಮರದ ಕೆಳಗಾದರೂ ಬದುಕೋಣ ಎನಿಸಿತು. ಚಳಿಗಾಲ ಶುರುವಾಗುವ ಹೊತ್ತಿಗೆ ಕುರ್ರಬಿಲ್‌ನ ಹೊಳೆ ತಿರುವಿಗೆ ಕಳ್ಳಿಯ ಹಾಗೆ ಬಂದು, ಗಮ್ ಮರಗಳ ಮರೆಗೆ ಕಾರು ನಿಲ್ಲಿಸಿದಳು.

ಎಂಥ ಬಾಳು! ಬ್ರೆಡ್ಡು ತರಲು ಪಕ್ಕದ ಊರಿಗೆ ಹೋಗಬೇಕು. ದಾರಿಯಲ್ಲಿ ಗುರುತಿನ ಗಾಡಿ ಕಂಡರೆ ತಲೆ ತಗ್ಗಿಸಬೇಕು. ಎಲ್ಲರೂ ಊಟಕ್ಕೆ ಕೂತಿರುವ ನಡುಮಧ್ಯಾಹ್ನ ನೋಡಿ ಕೀತ್‌ನ ಸಮಾಧಿಗೆ ಹೋಗಿ ಬರಬೇಕು. ಅವನ ಪಕ್ಕದಲ್ಲಿ ಅವಳಿಗೆಂದು ಜಾಗ ಕಾದಿರಿಸಿತ್ತು. ಮಣ್ಣಿನ ಕೆಳಗೆ ಅವಳು ಕುರ್ರಬಿಲ್‌ನವಳೇ, ಮಣ್ಣಿನ ಮೇಲೆ ಮಾತ್ರ ಅಲ್ಲ. ಬೆಳಗ್ಗೆ ಎದ್ದರೆ ಗಾಜಿನ ಒಳಮೈಯಲ್ಲಿ ಅವಳ ಉಸಿರೇ ಹಿಮವಾಗಿ ಕಟ್ಟಿರುತ್ತಿತ್ತು. ಬೆರಳು ಮಡಿಸಲು ಬರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಕಂಬಳಿಯಲ್ಲಿ ಸುತ್ತಿಟ್ಟರೂ ಕೇಳುತ್ತಿತ್ತು. ಸೆಲ್ ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ, ಪ್ರೀತಿಯಿಂದ ಕೊಟ್ಟದ್ದಲ್ಲವೇ.

ಒಂದು ಬೆಳಗ್ಗೆ ಮುಖ ತೊಳೆಯಲು ಹೊಳೆಗಿಳಿದು ಬಂದಾಗ ಕಾರಿನ ಮೂತಿಯ ಮೇಲೆ ತಟ್ಟೆಯೊಂದಿತ್ತು. ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿದ ಲ್ಯಾಮಿಂಗ್ಟನ್. ನೀಲಿ ಅಂಚಿನ ತಟ್ಟೆ, ಲೊರೇನ್‌ದು. ಗ್ಲೆನಿಸ್ ಸುತ್ತ ನೋಡಿದಳು. ಹಕ್ಕಿಗಳ ಕೂಗು, ದೂರದಲ್ಲಿ ಗಾಡಿಯೊಂದು ಹೋಗುವ ಸದ್ದು. ಅವಳಿಗೆ ಮೊದಲು ಆದದ್ದು ಸಂತೋಷ, ಸುಳ್ಳು ಯಾಕೆ ಹೇಳಬೇಕು. ನಿಂತಲ್ಲೇ ಎರಡು ತಿಂದಳು, ಕೊಬ್ಬರಿ ತುರಿ ಅಂಗಿಯ ಮೇಲೆಲ್ಲ ಉದುರಿತು. ಗೊತ್ತಾಗಿದೆ, ಇನ್ನು ಬರುತ್ತಾರೆ, ಎದ್ದೇಳೇ ಮೂದೇವಿ ಅಂತ ಬೈದು ಕರೆದುಕೊಂಡು ಹೋಗುತ್ತಾರೆ ಎಂದುಕೊಂಡಳು.

ಬಂದದ್ದು ಇನ್ನೊಂದು ತಟ್ಟೆ. ಡಲ್ಸಿಯದು, ಬೇಯಿಸಿದ ಮೊಟ್ಟೆ. ಅದೂ ಗ್ಲೆನಿಸ್‌ಳದೇ ಕೋಳಿಗಳದ್ದು. ಮತ್ತೊಂದು ದಿನ ಕ್ಲೈವ್‌ನ ಹೆಂಡತಿಯದು. ಪ್ರತಿ ಸಲವೂ ಅವಳು ಹೊಳೆಗಿಳಿದ ಹೊತ್ತು ನೋಡಿಯೇ ಇಟ್ಟು ಹೋಗುತ್ತಿದ್ದರು. ಒಮ್ಮೆ ಅವಳು ಬೇಕೆಂದೇ ಇಳಿಯದೆ ಕಾರಿನೊಳಗೆ ಕೂತಳು. ಗಾಡಿಯೊಂದು ಮರಗಳಾಚೆ ಬಂದು ನಿಂತಿತು, ಸುಮಾರು ಹೊತ್ತು ಕಾದಿತು, ಬಾಗಿಲು ತೆರೆಯದೆಯೇ ತಿರುಗಿ ಹೋಯಿತು.

ಆಗ ಅವಳಿಗೆ ಅರ್ಥವಾಯಿತು. ಇಡೀ ಊರಿಗೆ ಗೊತ್ತಿದೆ. ಏಣಿ ಬೇಕಾದವರಿಗೆ ಏಣಿ ಇಟ್ಟು ಹೋದ ಹಾಗೆ ಅವಳಿಗೆ ತಿಂಡಿ ಇಟ್ಟು ಹೋಗುತ್ತಿದ್ದಾರೆ. ಗಾಜು ತಟ್ಟುವವರು ಒಬ್ಬರೂ ಇಲ್ಲ. ಹಸಿವಿಗಿಂತ, ಚಳಿಗಿಂತ ದೊಡ್ಡದೊಂದು ಸಿಟ್ಟು ಅವಳ ಹೊಟ್ಟೆಯಿಂದ ಎದ್ದಿತು. ನಾನೇನು ಬೀದಿನಾಯಿಯೇ, ಅನ್ನ ಇಟ್ಟು ದೂರ ನಿಲ್ಲಲು? ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಮಾತಿದೆ. ಸರಿ, ಅತ್ತೇಬಿಡುತ್ತೇನೆ ಎಂದು ಅವಳು ತೀರ್ಮಾನಿಸಿದಳು. ನೀಲಿ ಅಂಚಿನ ತಟ್ಟೆಯನ್ನು ತಣ್ಣೀರಿನಲ್ಲಿ ತೊಳೆದಳು, ಸೆರಗಿಲ್ಲದ ಊರು, ಅಂಗಿಯ ತುದಿಯಲ್ಲೇ ಒರೆಸಿದಳು. ಅದರಲ್ಲಿ ಇಡಲು ಏನಾದರೂ ಇದೆಯೇ ಎಂದು ಕೈ ತಾನಾಗಿ ಹುಡುಕಿತು. ಏನೂ ಇಡುವುದಿಲ್ಲ ಎಂದು ಕೈಗೆ ಹೇಳಿ ಕಾರು ಹತ್ತಿದಳು.

ಲೊರೇನ್ ಜಾಲರಿ ಬಾಗಿಲು ತೆರೆದವಳೇ ಕಣ್ಣರಳಿಸಿದಳು. "ಅಯ್ಯೋ ಗ್ಲೆನ್! ಬೆಂಡಿಗೋದಿಂದ ಯಾವಾಗ ಬಂದ್ಯೇ?"

ಗ್ಲೆನಿಸ್ ತಟ್ಟೆ ಮುಂದೆ ಹಿಡಿದಳು. ಲೊರೇನ್‌ಳ ಕಣ್ಣು ಬರಿದಾದ ತಟ್ಟೆಯ ಮೇಲೆ ಬಿದ್ದು ಅಲ್ಲೇ ನಿಂತಿತು.

"ಖಾಲಿ ತಂದಿದೀನಿ. ಇಡೋಕೆ ಏನೂ ಇಲ್ಲ. ನಂಗೆ ಮನೆ ಇಲ್ಲ ಕಣೇ ಲೊರೇನ್. ಥೆಲ್ಮಾ ಆಶ್ರಮದಲ್ಲಿದಾಳೆ, ನಾನು ಕಾರಲ್ಲಿದೀನಿ. ಅದು ನಿಂಗೂ ಗೊತ್ತು." ಒಮ್ಮೆ ಬಾಯಿ ತೆರೆದ ಮೇಲೆ ಮಾತು ಎಷ್ಟು ಸಲೀಸು ಎಂದು ಅವಳಿಗೇ ಅಚ್ಚರಿಯಾಯಿತು. "ಮಾರ್ಜರಿ ಮನೆ ಬೀಗದಕೈ ಕೊಡು. ಕ್ರೋಜರ್‌ಗೆ ಕೊಡ್ತಿದ್ದ ಬಾಡಿಗೆ ನಿಮಗೆ ಕೊಡ್ತೀನಿ. ಡಬ್ಬ ನಾನೇ ಎತ್ತಿಡ್ತೀನಿ. ಕೇಳ್ತಾ ಇದೀನಿ, ನೋಡು. ಬಾಯಿಬಿಟ್ಟು ಕೇಳ್ತಾ ಇದೀನಿ."

ಲೊರೇನ್‌ಳ ನೋಟ ಗ್ಲೆನಿಸ್‌ಳ ಹೆಗಲಾಚೆ ಹೋಗಿ ತಟ್ಟನೆ ಕೆಳಗಿಳಿಯಿತು. ಗ್ಲೆನಿಸ್ ತಿರುಗಿದಳು. ಗೋಧಿ ಮೊಳೆತ ಹೊಲದಾಚೆ, ಮೆಣಸು ಮರದ ಕೆಳಗೆ ಮಾರ್ಜರಿಯ ಮನೆ. ಕಿಟಕಿಯ ಹಲಗೆಗಳಿರಲಿಲ್ಲ. ಚಿಮಣಿಯಲ್ಲಿ ಹೊಗೆ. ಅಂಗಳದ ತಂತಿಯ ಮೇಲೆ ಗಾಳಿಕಂಬದವರ ಕಿತ್ತಳೆ ಬಣ್ಣದ ಅಂಗಿಗಳು ಸಾಲಾಗಿ ಒಣಗುತ್ತಿದ್ದವು.

"ಹೋದ ವಾರ ಬಂದ್ರು," ಎಂದಳು ಲೊರೇನ್. "ರಾಸ್ ಎರಡು ವರ್ಷಕ್ಕೆ ಒಪ್ಪಿಬಿಟ್ಟಿದಾನೆ."

"ಹಾವು?"

"ಓಡಿಸಿದ್ವಿ."

"ಡಬ್ಬ?"

"ಒಂದು ಮಧ್ಯಾಹ್ನದ ಕೆಲಸ ಆಯ್ತು." ಲೊರೇನ್‌ಗೆ ಅಳು ಬಂದಿತ್ತು, ನಿಜವಾದ ಅಳು. "ಆವತ್ತೇ ಕೇಳಿದ್ರೆ ಕೊಡ್ತಿರ್ಲಿಲ್ವೇನೇ ನಾವು?"

"ಕೇಳಿದ್ದೆ."

"ಯಾವಾಗ ಕೇಳಿದ್ದೆ?"

ಗ್ಲೆನಿಸ್ ಕಿತ್ತಳೆ ಅಂಗಿಗಳಿಂದ ಕಣ್ಣು ತೆಗೆದು ಅವಳತ್ತ ತಿರುಗಿದಳು. "ಒಬ್ರಾದ್ರೂ ಯಾಕೇ ಗಾಜು ತಟ್ಟಲಿಲ್ಲ?" ಎಂದಳು.

"ನಿಂಗೆ ಅವಮಾನ ಆಗ್ಬಾರ್ದು ಅಂತ ಕಣೇ! ಅಷ್ಟು ಚೆನ್ನಾಗಿ ಕಳಿಸಿಕೊಟ್ಟಿದ್ವಿ. ನೀನಾಗಿ ಹೇಳೋ ತನಕ ಸುಮ್ನಿರೋಣ ಅಂತ ಕ್ಲೈವೂ ಹೇಳ್ದ. ನಮ್ಮನೆ ಹೊಲಿಗೆ ಕೋಣೆನಾದ್ರೂ ಖಾಲಿ ಮಾಡಿಕೊಡೋಣ ಅಂದ್ರೆ, ಅಲ್ಲೂ ಅವರ ಮೇಸ್ತ್ರಿ ಒಬ್ಬ ಇದಾನೆ. ಇರು, ಇರು, ಹೀಗೇ ಹೋಗ್ಬೇಡ." ತಟ್ಟೆಯನ್ನು ಗ್ಲೆನಿಸ್‌ಳ ಕೈಯಿಂದ ಕಿತ್ತುಕೊಂಡು ಒಳಗೆ ಓಡಿದಳು. ಕಪಾಟು ತೆರೆದ ಸದ್ದು, ಚಾಕುವಿನ ಸದ್ದು. ತಿರುಗಿ ಬಂದಾಗ ತಟ್ಟೆಯ ತುಂಬ ಖರ್ಜೂರದ ಕೇಕಿನ ಹೋಳುಗಳು, ಮೇಲೆ ಬೆಣ್ಣೆ.

"ತಗೋ. ತಟ್ಟೆಗೆ ಅವಸರ ಇಲ್ಲ. ಈ ಕಡೆ ಬಂದಾಗ ಕೊಟ್ರಾಯ್ತು."

ಬೇಡವೆನ್ನಲು ಗ್ಲೆನಿಸ್‌ಳ ಬಾಯಿ ತೆರೆಯಿತು, ಆದರೆ ಕೈ ಆಗಲೇ ತೆಗೆದುಕೊಂಡಾಗಿತ್ತು. ಮೆಟ್ಟಿಲಿಳಿದು ಕಾರಿನಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹಿಂದೆ ಕಂಬಳಿಯೊಳಗೆ ಗಡಿಯಾರ ನಡೆಯುತ್ತಿತ್ತು. ತಟ್ಟೆಯ ಅಡಿಯಲ್ಲಿ ಬೆರಳಿಗೆ ಪಟ್ಟಿಯ ಅಂಚು ತಾಕಿತು. ಅದರ ಮೇಲಿದ್ದದ್ದು ಲೊರೇನ್‌ಳ ಹೆಸರು, ಅಕ್ಷರ ಗ್ಲೆನಿಸ್‌ಳದೇ. ಊರಿನ ಒಂದೊಂದು ತಟ್ಟೆಗೂ ಅದು ಹಿಂತಿರುಗಬೇಕಾದ ಮನೆ ಯಾವುದೆಂದು ಅವಳೇ ಬರೆದಿದ್ದಳು. ಬಾಗಿಲಲ್ಲಿ ಲೊರೇನ್ ಕೈಬೀಸುತ್ತಿದ್ದಳು. ಗ್ಲೆನಿಸ್ ತಾನೂ ಕೈಬೀಸಿ, ಹೊಳೆಯ ಕಡೆ ಕಾರು ತಿರುಗಿಸಿದಳು.